ಸ್ವಂತದವರ ಬಂಡಲ್

ಮಾರ್ಚ್ 4, ಸೋಮವಾರ

ಇದು ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹಳೆಯ ತಪಾಸಣೆ ಪುಸ್ತಕ. ಅರ್ಧ ಖಾಲಿ ಉಳಿದಿತ್ತೆಂದು ಮನೆಗೆ ತಂದಿದ್ದೆ. ಪ್ರತಿ ಪುಟದಲ್ಲೂ ಬಂಡಲ್ ನಂಬರು, ದೋಷ, ಪಾಸ್, ವಾಪಸ್ಸು ಎಂದು ನಾಲ್ಕು ಕಾಲಂ ಅಚ್ಚಾಗಿವೆ. ಅವುಗಳ ಮೇಲೆಯೇ ಬರೆಯುತ್ತಿದ್ದೇನೆ.

ಬರೆಯಲು ಹೇಳಿದವಳು ಆಸ್ಪತ್ರೆಯ ನರ್ಸ್. "ಕಾಯಿಲೆ ಅವರದ್ದೇ ಇರಬಹುದು, ಆದ್ರೆ ಅದರ ಜೊತೆ ಸಂಸಾರ ಮಾಡ್ತಿರೋರು ನೀವಿಬ್ರೂ. ಯಾರ ಹತ್ರಾನೂ ಹೇಳ್ಕೊಳ್ಳೋಕೆ ಆಗದಿದ್ರೆ ಬರೆದಾದ್ರೂ ಇಡಿ," ಎಂದಳು. ಇವರು ಆಚೆ ಇಂಜೆಕ್ಷನ್ ತೆಗೆದುಕೊಳ್ಳಲು ಹೋಗಿದ್ದಾಗ ಹೇಳಿದಳು, ಪುಣ್ಯ. ಇವರ ಎದುರಿಗೆ ಹೇಳಿದ್ದರೆ "ಇವಳಿಗೇನು ಕಮ್ಮಿಯಾಗಿದೆ ಹೇಳ್ಕೊಳ್ಳೋಕೆ" ಎಂದು ಮೂಗು ಮುರಿಯುತ್ತಿದ್ದರು.

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ ಎರಡು ವರ್ಷವಾಯಿತು. ವಿಕಿರಣ ಕೊಟ್ಟದ್ದಾಯಿತು. ಈಗ ಮೂಳೆಯಲ್ಲಿ ಎರಡು ಚುಕ್ಕೆ ಇವೆಯಂತೆ. ಮೂರು ತಿಂಗಳಿಗೊಂದು ಇಂಜೆಕ್ಷನ್ ಅವುಗಳನ್ನು ಮಲಗಿಸಿಡುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಮಲಗಿಸಿಡುವುದು ಎಂಬ ಮಾತು ನನಗೆ ಇಷ್ಟವಾಗುವುದಿಲ್ಲ. ಮಲಗಿದ್ದು ಏಳುತ್ತದಲ್ಲ.

ತಪಾಸಣೆಗೆ ತಿಂಗಳಿಗೊಮ್ಮೆ ಹೋಗಬೇಕು. ಹೋದಾಗಲೆಲ್ಲ ಎರಡು ಫಾರಂ ಕೊಡುತ್ತಾರೆ, ಇವರಿಗೆ ನೀಲಿ, ನನಗೆ ಗುಲಾಬಿ. ಎರಡರ ಮೇಲೂ 'ಜೀವನದ ಗುಣಮಟ್ಟ' ಎಂದು ದಪ್ಪಕ್ಷರ. ಇಪ್ಪತ್ತು ವರ್ಷದಿಂದ ಅಂಗಿಗಳ ಗುಣಮಟ್ಟ ನೋಡುತ್ತಿರುವವಳು ನಾನು. ಬದುಕಿಗೂ ಅಂಥದ್ದೊಂದು ತಪಾಸಣೆ ಇದೆಯೆಂದು ಈ ಕಾಯಿಲೆ ಬಂದ ಮೇಲೆ ತಿಳಿಯಿತು. ನೋವಿದೆಯೇ, ಮೂತ್ರ ಸೋರುತ್ತದೆಯೇ, ನಿದ್ದೆ ಕೆಡುತ್ತದೆಯೇ, ದಾಂಪತ್ಯದಲ್ಲಿ ಅತೃಪ್ತಿಯಿದೆಯೇ. ಪ್ರತಿಯೊಂದಕ್ಕೂ 'ಇಲ್ಲವೇ ಇಲ್ಲ'ದಿಂದ 'ತುಂಬಾ'ದವರೆಗೆ ನಾಲ್ಕು ಚೌಕ. ಇವರು ಎರಡನೇ ಪ್ರಶ್ನೆಗೇ ಕಿವಿ ಕೆಂಪಗೆ ಮಾಡಿಕೊಂಡು ನೀಲಿ ಫಾರಂ ನನ್ನ ಮಡಿಲಿಗೆ ಹಾಕಿದರು. "ನೀನೇ ತುಂಬು ಮಾರಾಯ್ತಿ. ಟಿಕ್ ಹಾಕಿ ಹಾಕಿ ಪಳಗಿದ ಕೈ ನಿಂದು." ತುಂಬಿದೆ. ನನ್ನದಕ್ಕಂತೂ ಉದ್ದಕ್ಕೂ 'ಇಲ್ಲವೇ ಇಲ್ಲ' ಎಳೆದುಬಿಟ್ಟೆ.

ಇವರಿಗೆ ಬೇಕಾಗಿರುವುದು ಒಂದೇ, ಡಾಕ್ಟರ ಪತ್ರ. ಇಪ್ಪತ್ತೇಳು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರನ್ನು ಕಂಪನಿ ಈಗ ಸ್ಟೋರಿನಲ್ಲಿ ಕೂರಿಸಿ ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸಕ್ಕೆ ಹಾಕಿದೆ. ಕೆಲಸಕ್ಕೆ ಯೋಗ್ಯರು ಎಂದು ಡಾಕ್ಟರು ಬರೆದುಕೊಟ್ಟರೆ ಮತ್ತೆ ಮೇಲೆ, ಲಿಫ್ಟಿನ ಯಂತ್ರದ ಕೋಣೆಗೆ. "ಮುಂದಿನ ತಿಂಗಳೂ ಫಾರಂ ಚೆನ್ನಾಗಿದ್ರೆ ಬರೆದುಕೊಡ್ತೀನಿ," ಎಂದಿದ್ದಾರೆ.

ಹಳದಿ ಕಾರ್ಡೊಂದನ್ನೂ ಕೊಟ್ಟರು. ಹೊಸದಾಗಿ ಬೆನ್ನುನೋವು, ಕಾಲಲ್ಲಿ ಬಲ ಕಡಿಮೆ, ಜೋಮು, ಮೂತ್ರ ಕಟ್ಟಿಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ಬನ್ನಿ. 'ಅದೇ ದಿನ'ದ ಕೆಳಗೆ ನರ್ಸ್ ಎರಡು ಗೆರೆ ಎಳೆದಳು. ಫ್ರಿಜ್ಜಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.

ಮಾರ್ಚ್ 7, ಗುರುವಾರ

ತಂಗಿ ಊಟದ ಬಿಡುವಿನಲ್ಲಿ ಪಕ್ಕಕ್ಕೆ ಬಂದು ಕೂತಳು. ಅವಳು ನಮ್ಮ ಫ್ಯಾಕ್ಟರಿಯಲ್ಲೇ ಕಾಲರ್ ಹೊಲಿಯುತ್ತಾಳೆ. ನೀಲಿ ಫಾರಮ್ಮಿನ ಕಥೆ ಹೇಳಿದರೆ ನಗುತ್ತಾಳೆಂದುಕೊಂಡೆ. ನಗಲಿಲ್ಲ.

"ಅಕ್ಕ, ಭಾವನ ಫಾರಂ ನೀನು ತುಂಬಿದ್ಯಾ? ನನ್ನ ಬಂಡಲ್ ನಿನ್ನ ಟೇಬಲ್ಲಿಗೆ ಬಂದ್ರೆ ಏನ್ ಮಾಡ್ತೀಯ?"

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

ನಮ್ಮ ತಪಾಸಣೆ ವಿಭಾಗದ ಮೊದಲ ನಿಯಮ ಅದು. ಸ್ವಂತದವರು ಹೊಲಿದ ಬಂಡಲನ್ನು ನೋಡುವ ಹಾಗಿಲ್ಲ. ಕಣ್ಣು ಜಾರುತ್ತದೆ, ಇಲ್ಲವೇ ಜಾರಬಾರದೆಂದು ಇಲ್ಲದ ತಪ್ಪು ಹುಡುಕುತ್ತದೆ. ತಂಗಿಯ ಬಂಡಲ್ ಬಂದರೆ ನಾನು ಗಂಟೂ ಬಿಚ್ಚದೆ ಪಕ್ಕದ ಟೇಬಲ್ಲಿಗೆ ತಳ್ಳುತ್ತೇನೆ. ಅಷ್ಟು ಕಟ್ಟುನಿಟ್ಟು. ಉಳಿದವರದ್ದರಲ್ಲಿ ಹೊಲಿಗೆ ಒಂದು ತಪ್ಪಿದರೂ ಉಗುರಿನಷ್ಟು ಚಿಕ್ಕ ಕೆಂಪು ಬಾಣದ ಸ್ಟಿಕ್ಕರನ್ನು ಅಲ್ಲಿಗೇ ಗುರಿಯಿಟ್ಟು ಅಂಟಿಸಿ ವಾಪಸ್ಸು. ಏಪ್ರನ್ನಿನ ಜೇಬಿನಲ್ಲಿ ಬಾಣದ ಹಾಳೆ ಇಲ್ಲದೆ ನಾನು ಬಚ್ಚಲಿಗೂ ಹೋಗುವುದಿಲ್ಲವೆಂದು ಹುಡುಗಿಯರು ಆಡಿಕೊಳ್ಳುತ್ತಾರೆ.

ಮನುಷ್ಯರು ಅಂಗಿಯಲ್ಲ ಎಂದು ತಂಗಿಗೆ ಹೇಳಿ ಎದ್ದುಬಂದೆ.

ಮಾರ್ಚ್ 12, ಮಂಗಳವಾರ

ಇವರಿಗೆ ದಿನಕ್ಕೆ ಆರೇಳು ಸಲ ಮೈ ಬಿಸಿಯೇರುತ್ತದೆ. ಇಂಜೆಕ್ಷನ್ನಿನ ಕೆಲಸ. ಗಂಡಸಿನ ಮೈಯಲ್ಲಿ ಏನು ಓಡಬೇಕೋ ಅದನ್ನು ನಿಲ್ಲಿಸುತ್ತದಂತೆ. ಸಂಜೆ ಸ್ಟೋರಿನಿಂದ ಬಂದಾಗ ಅಂಗಿ ಹಿಂಡುವ ಹಾಗಿತ್ತು. ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಫ್ಯಾನಿನ ಕೆಳಗೆ ಕೂತರು. ಆರು ವರ್ಷದ ಹಿಂದೆ ನನಗೆ ಮುಟ್ಟು ನಿಲ್ಲುವಾಗ ಹೀಗೇ ಆಗುತ್ತಿತ್ತು. ಆಗ ಇವರು, "ನಿನ್ನ ನೆತ್ತಿ ಮೇಲೆ ಚಹಾ ಕಾಯಿಸ್ಬಹುದು ಕಣೇ," ಎಂದು ನಕ್ಕಿದ್ದರು. ಇವತ್ತು ಚಹಾದ ಪಾತ್ರೆ ತಂದು ಇವರ ನೆತ್ತಿಯ ಮೇಲೆ ಹಿಡಿದೆ. ನಕ್ಕರು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಪಾತ್ರೆ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ನಿಂತೇ ಇದ್ದೆ.

ಎದೆ ಸ್ವಲ್ಪ ಊದಿದೆ, ಮುಟ್ಟಿದರೆ ನೋಯುತ್ತದೆ. ಅದಕ್ಕೇ ಅಂಗಿ ಬದಲಿಸುವಾಗ ಬಾಗಿಲು ಹಾಕಿಕೊಳ್ಳುತ್ತಾರೆ. ಪದೇ ಪದೇ ಏಳಬೇಕು, ನಿನ್ನ ನಿದ್ದೆ ಯಾಕೆ ಕೆಡಬೇಕು ಎಂದು ಹೊರಗಿನ ಕೋಣೆಯ ಮಂಚಕ್ಕೆ ಹೋಗಿ ಒಂದೂವರೆ ವರ್ಷವಾಯಿತು. ತೃಪ್ತಿಯ ಬಗ್ಗೆ ಫಾರಮ್ಮಿನಲ್ಲಿ ಮೂರು ಪ್ರಶ್ನೆ ಇವೆ. ನನಗೆ ಬೇಕಾಗಿರುವುದು ಅದ್ಯಾವುದೂ ಅಲ್ಲ. ಬೆನ್ನಿಗೆ ಬೆನ್ನು ತಾಗಿಸಿಕೊಂಡು ಮಲಗಿದ್ದರೂ ಸಾಕಿತ್ತು. ಅದನ್ನು ಯಾರೂ ಕೇಳುವುದಿಲ್ಲ.

ಮಾರ್ಚ್ 19, ಮಂಗಳವಾರ

ಇವತ್ತು ಒಂದು ಪವಾಡ. ಇವರು ಮನೆಗೆ ಲಿಫ್ಟಿನಲ್ಲಿ ಬಂದರು!

ಈ ಕಟ್ಟಡಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಸಾಮಾನು ಎಷ್ಟೇ ಇರಲಿ, ನಾಲ್ಕು ಮಹಡಿ ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. "ಹಗಲೆಲ್ಲ ಅದರ ಮುಖ ನೋಡಿದ್ದೀನಿ, ಮನೆಗೂ ಅದರ ಜೊತೆ ಬರಬೇಕಾ?" ಎನ್ನುತ್ತಿದ್ದರು. ಲಿಫ್ಟಿನ ಬಾಗಿಲು ತೆಗೆದ ಸದ್ದಿಗೆ ಪಕ್ಕದ ಮನೆಯವರೆಂದುಕೊಂಡಿದ್ದೆ. "ಯಾಕ್ರೀ ಇವತ್ತು?" ಎಂದರೆ, "ಬುದ್ಧಿ ಬಂತು ಅನ್ಕೋ. ವಯಸ್ಸಾಯ್ತಲ್ಲ, ತೊಡೆ ಎಳೀತದೆ," ಎಂದರು. ಐವತ್ತೊಂಬತ್ತಕ್ಕಾದರೂ ಬುದ್ಧಿ ಬಂತಲ್ಲ ಎಂದು ಚುಡಾಯಿಸಿದೆ.

ಮಾರ್ಚ್ 21, ಗುರುವಾರ

ಸ್ಟೋರಿನಲ್ಲಿ ಬೋಲ್ಟಿನ ಪೆಟ್ಟಿಗೆ ಎತ್ತಿ ಬೆನ್ನು ಹಿಡಿದುಕೊಂಡಿದೆ ಎಂದರು. ನಡು ಬೆನ್ನಿನಲ್ಲಿ, ಒಂದೇ ಕಡೆ. ಮಲಗಿದರೆ ಜಾಸ್ತಿಯಂತೆ. ಮುಲಾಮು ಹಚ್ಚಲೇ ಎಂದು ಕೇಳಿದೆ. ಬೇಡ ಎನ್ನುತ್ತಾರೆಂದೇ ಕೇಳಿದ್ದು. ಬಾಗಿಲು ಹಾಕದೆ, ನನ್ನೆದುರಿಗೇ ಅಂಗಿ ತೆಗೆದು ಬೋರಲು ಮಲಗಿದರು.

ಎಷ್ಟು ತಿಂಗಳಾಗಿತ್ತು! ಎಡ ಹೆಗಲ ಹಿಂದಿನ ಸುಟ್ಟ ಕಲೆ ಅಲ್ಲೇ ಇದೆ. ಯಂತ್ರದ ಕೋಣೆಯಲ್ಲಿ ಮೋಟಾರಿಗೆ ತಾಗಿ ಆದದ್ದು. ಸೊಂಟದ ಹತ್ತಿರ ಮೈ ಮೆತ್ತಗಾಗಿದೆ, ಮೊದಲು ಹೀಗಿರಲಿಲ್ಲ. ನನಗೆ ಅದೂ ಹಿಡಿಸಿತು. ಮುಲಾಮು ಒಣಗಿದ ಮೇಲೂ ತಿಕ್ಕುತ್ತಲೇ ಇದ್ದೆ. "ನಿನ್ನ ಕೈ ಒರಟಾಗಿದೆ," ಎಂದರು. "ನಿಮ್ಮ ಬೆನ್ನೇನು ರೇಷ್ಮೆಯಾ?" ಎಂದೆ. ಹೀಗೆ ಮಾತಾಡಿಕೊಂಡು ಎಷ್ಟು ಕಾಲವಾಗಿತ್ತು. ಪೆಟ್ಟಿಗೆಗೆ ಪುಣ್ಯ ಬರಲಿ ಎಂದುಕೊಂಡೆ.

ಚಹಾಕ್ಕೆಂದು ಹಾಲು ತೆಗೆಯುವಾಗ ಕಾರ್ಡು ಕಣ್ಣಿಗೆ ಬಿತ್ತು. ಹೊಸದಾಗಿ ಬೆನ್ನುನೋವು ಎಂದಿದೆ. ಇದು ಹೊಸದಲ್ಲ. ಇಪ್ಪತ್ತೇಳು ವರ್ಷ ಬಗ್ಗಿ ಬಗ್ಗಿ ಕೆಲಸ ಮಾಡಿದವರ ಬೆನ್ನು ನೋಯದೆ ಇರುತ್ತದೆಯೇ?

ಮಾರ್ಚ್ 22, ಶುಕ್ರವಾರ

ಇವತ್ತೂ ತಿಕ್ಕಿದೆ.

ಮಾರ್ಚ್ 24, ಭಾನುವಾರ

ಇವತ್ತು ಎರಡು ಸಲ. ನೋವು ಸ್ವಲ್ಪ ಕಡಿಮೆ ಎಂದರು. ಒಳಗಿನ ಮಂಚದಲ್ಲೇ ನಿದ್ದೆ ಹೋದರು. ಎಬ್ಬಿಸಲಿಲ್ಲ.

ಮಾರ್ಚ್ 27, ಬುಧವಾರ

ಇವರು ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು! ಎಡಗಾಲಿನದ್ದು ಎಲ್ಲೋ ಕಳಚಿಹೋಗಿದೆ. ಬಾಗಿಲಲ್ಲಿ ನಾನು ಬೆರಳು ತೋರಿಸಿದ ಮೇಲೆಯೇ ಗೊತ್ತಾದದ್ದು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೆಳಗಿಳಿದು ಹುಡುಕಿದೆ. ಗೇಟಿನಾಚೆ, ಕಲ್ಲುಪುಡಿ ಹಾಕಿದ ಜಾಗದಲ್ಲಿ ಬಿದ್ದಿತ್ತು. ಅಲ್ಲಿಂದ ಬರಿಗಾಲಲ್ಲಿ ಬಂದಿದ್ದಾರೆ, ಆ ಕಲ್ಲಿನ ಮೇಲೆ.

ಮೂರು ಮಹಡಿ ಆಚೆಯ ಬೇರಿಂಗ್ ಕಿರುಗುಟ್ಟಿದರೆ ಕೇಳಿಸಿಕೊಳ್ಳುವ ಮನುಷ್ಯ. ಪತ್ರದ ಯೋಚನೆಯಲ್ಲಿ ತಲೆ ಎಲ್ಲೋ ಇತ್ತು, ಅಷ್ಟೆ.

ಏಪ್ರಿಲ್ 1, ಸೋಮವಾರ

ಫ್ಯಾಕ್ಟರಿಯಲ್ಲಿ ಹೊಸ ಕ್ಯಾಲೆಂಡರ್ ಕೊಟ್ಟರು, ದೊಡ್ಡದು. ಅಡುಗೆಮನೆಯಲ್ಲಿ ಬೇರೆಲ್ಲೂ ಮೊಳೆ ಇರಲಿಲ್ಲ. ಹಾಗಾಗಿ ಫ್ರಿಜ್ಜಿನ ಪಕ್ಕದಲ್ಲೇ ತೂಗುಹಾಕಿದೆ. ಕಾರ್ಡು ಅದರ ಹಿಂದೆ ಹೋಗಿದೆ. ಇರಲಿ, ಅದರಲ್ಲಿರುವುದು ಬಾಯಿಪಾಠವಾಗಿದೆ.

ಏಪ್ರಿಲ್ 3, ಬುಧವಾರ

ಪತ್ರ ಸಿಕ್ಕಿತು!

ಬೆಂಚಿನ ಮೇಲೆ ನೀಲಿ ಫಾರಂ ತುಂಬುವಾಗ ಬೆನ್ನುನೋವಿನ ಸಾಲಿಗೆ ಬಂದು ಪೆನ್ನು ನಿಂತಿತು. ಇವರು ನನ್ನ ಕೈಯನ್ನೇ ನೋಡುತ್ತಿದ್ದರು. ಸ್ಟೋರಿನ ಮಂದಬೆಳಕಿನಲ್ಲಿ ಬೋಲ್ಟು ಎಣಿಸುತ್ತಾ ಕೂತ ಇವರ ಮುಖ ನನಗೆ ಗೊತ್ತಿದೆ. ಒಮ್ಮೆ ಬುತ್ತಿ ಮರೆತಿದ್ದರೆಂದು ಕೊಡಲು ಹೋಗಿ ನೋಡಿದ್ದೆ. ಅಂಗಿಯ ಅಳತೆಯಲ್ಲೂ ಅರ್ಧ ಇಂಚು ಹೆಚ್ಚುಕಡಿಮೆಯಾದರೆ ಪಾಸ್ ಮಾಡುತ್ತೇವೆ. 'ಇಲ್ಲವೇ ಇಲ್ಲ'ಕ್ಕೆ ಟಿಕ್ ಹಾಕಿದೆ. ಕಾಲಲ್ಲಿ ಬಲ ಕಡಿಮೆಯೇ ಎಂಬ ಸಾಲಿಗೂ ಹಾಗೆಯೇ.

ನರ್ಸ್ ಫಾರಂ ಓದಿಕೊಂಡು, "ಬೆನ್ನಿಗೆ ಏನೂ ತೊಂದ್ರೆ ಇಲ್ಲ ತಾನೆ?" ಎಂದಳು.

"ಬೆನ್ನಿಗೇನಮ್ಮ, ಗುಂಡುಕಲ್ಲಿನ ಹಾಗಿದ್ದೀನಿ," ಎಂದರು ಇವರು. ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

ಇದೇ ಹದಿನೈದು, ಸೋಮವಾರದಿಂದ ಯಂತ್ರದ ಕೋಣೆ. ಪತ್ರವನ್ನು ಮಡಚದೆ ಎರಡು ಕೈಯಲ್ಲಿ ಹಿಡಿದುಕೊಂಡು ಬಂದರು. ರಸ್ತೆ ದಾಟುವಾಗ ಅದನ್ನು ನನಗೆ ಕೊಟ್ಟು ನನ್ನ ಕೈ ಹಿಡಿದುಕೊಂಡರು, ಬಿಗಿಯಾಗಿ. ಮದುವೆಯಾದ ಹೊಸತರಲ್ಲೂ ಬೀದಿಯಲ್ಲಿ ಕೈ ಹಿಡಿದವರಲ್ಲ. ಆಚೆ ದಡ ಸೇರಿದ ಮೇಲೂ ಬಿಡಲಿಲ್ಲ. ಮನೆಯವರೆಗೂ ಹಾಗೇ ಬಂದೆವು. ಇಷ್ಟು ಸಂತೋಷ ಇವರಿಗೆ ಆಗಿ ಎಷ್ಟು ದಿನವಾಗಿತ್ತೋ.

ಏಪ್ರಿಲ್ 8, ಸೋಮವಾರ

ನಾನು ಪಾಸ್ ಮಾಡಿದ ಲಾಟಿನಲ್ಲಿ ಒಂಬತ್ತು ಅಂಗಿಗಳಲ್ಲಿ ದೋಷ ಸಿಕ್ಕಿತಂತೆ. ಸೂಪರ್‌ವೈಸರಮ್ಮ ಎಲ್ಲರೆದುರಿಗೆ ಟೇಬಲ್ಲಿನ ಮೇಲೆ ಹರಡಿದರು. ತೋಳು ಒಂದು ಉದ್ದ, ಒಂದು ಗಿಡ್ಡ. ಕುರುಡರಿಗೂ ಕಾಣುವ ತಪ್ಪು.

"ಏನಾಗಿದೆ ನಿಮಗೆ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡೋರು ನೀವು."

ಬೆಳಕು ಸರಿಯಿರಲಿಲ್ಲ ಎಂದೆ. ಬೆಳಕು ಸರಿಯಾಗಿಯೇ ಇತ್ತು.

ಏಪ್ರಿಲ್ 10, ಬುಧವಾರ

ಸಮಾಧಾನದ ಸುದ್ದಿ. ಮೂತ್ರ ಸೋರುತ್ತದೆಂದು ಇವರು ಇಟ್ಟುಕೊಳ್ಳುವ ಪ್ಯಾಡು ನಿನ್ನೆಯಿಂದ ಒಣಗಿಯೇ ಇದೆ. ಒಂದು ಹನಿ ಸೋರಿಲ್ಲ. ಬಚ್ಚಲಲ್ಲಿ ಅರ್ಧ ಗಂಟೆ ಕೂತಿರುತ್ತಾರೆ, ನಲ್ಲಿ ತಿರುಗಿಸಿಟ್ಟುಕೊಂಡು. ಆದರೂ ಸೋರಿಕೆ ನಿಂತಿತಲ್ಲ. ಎರಡು ವರ್ಷ ಅದಕ್ಕಾಗಿ ಪಟ್ಟ ಪಾಡು ಒಂದೆರಡಲ್ಲ.

ಹೊಟ್ಟೆ ಉಬ್ಬರಿಸಿದೆ ಎಂದು ಊಟ ಬಿಟ್ಟರು.

ಏಪ್ರಿಲ್ 12, ಶುಕ್ರವಾರ

ತಂಗಿಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

ಸಂಜೆ ಭಾವನನ್ನು ಮಾತಾಡಿಸಿ ಹೋಗುತ್ತೇನೆಂದು ಬಂದಳು. ಇವರು ನೀರು ತರಲು ಎದ್ದರು. ಮೇಜು ಹಿಡಿದು, ಆಮೇಲೆ ಕುರ್ಚಿ, ಆಮೇಲೆ ಗೋಡೆ. ಎಡ ಪಾದ ನೆಲ ಬಿಟ್ಟು ಏಳಲಿಲ್ಲ, ಎಳೆದುಕೊಂಡು ಬಂತು. ನನಗೆ ಅದು ದಿನವೂ ನೋಡಿ ರೂಢಿಯಾಗಿತ್ತು. ರೂಢಿಯಾಗಿತ್ತು ಎಂದು ಈಗ ಬರೆಯುವಾಗ ಹೊಳೆಯುತ್ತಿದೆ.

"ಅಕ್ಕ, ಭಾವ ಯಾಕೆ ಹಾಗೆ ನಡೀತಿದ್ದಾರೆ?" ಅಡುಗೆಮನೆಗೆ ಬಂದು ಪಿಸುಗುಟ್ಟಿದಳು.

"ಹೇಗೆ? ಚೆನ್ನಾಗೇ ನಡೀತಿದ್ದಾರಲ್ಲ."

"ನೀನು ನೋಡ್ತಾ ಇಲ್ಲ."

"ನಾನಲ್ಲದೆ ಇನ್ಯಾರೇ ನೋಡ್ತಿರೋದು? ನೀನಾ? ತಿಂಗಳಿಗೊಂದು ಸಲ ಬಂದು ಚಹಾ ಕುಡಿದು ಹೋಗೋಳು!"

ಅವಳು ಲೋಟ ಕೆಳಗಿಟ್ಟಳು. "ನನ್ನ ಬಂಡಲ್ ಆದ್ರೆ ಮುಟ್ಟದೆ ಪಕ್ಕಕ್ಕೆ ತಳ್ತೀಯ. ಭಾವನ್ನ ಮಾತ್ರ ನೀನೇ ನೋಡಿ ನೀನೇ ಪಾಸ್ ಮಾಡ್ತಿದ್ದೀಯಲ್ಲಕ್ಕ."

ಹೊರಗೆ ಹೋಗು ಎಂದೆ. ಹೋದಳು.

ಕ್ಯಾಲೆಂಡರ್ ಎತ್ತಿ ನೋಡಿದೆ. ನಾಲ್ಕೇ ಸಾಲು. ನಾಲ್ಕೂ ಓದಿದೆ. ನಾಳೆ ಬೆಳಿಗ್ಗೆ ನೋಡೋಣ.

ಏಪ್ರಿಲ್ 13, ಶನಿವಾರ, ಆಸ್ಪತ್ರೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇವರು ಒಳಗಿದ್ದಾರೆ, ಸ್ಕ್ಯಾನ್ ಮಾಡುವ ಆ ಸುರಂಗದಂಥ ಯಂತ್ರದಲ್ಲಿ.

ಬೆಳಿಗ್ಗೆ ಇವರು ಇನ್ನೂ ಎದ್ದಿರಲಿಲ್ಲ. ಏಪ್ರನ್ ಹಾಕಿಕೊಂಡು, ಜೇಬಿನಿಂದ ಬಾಣದ ಹಾಳೆ ತೆಗೆದು ಮಂಚದ ಹತ್ತಿರ ಹೋದೆ. ಬೋರಲು ಮಲಗಿ ಎಂದೆ.

"ಮುಲಾಮಾ? ಇಷ್ಟು ಬೇಗ?"

"ನಾನು ಮುಟ್ಟಿದ್ದು ಗೊತ್ತಾದ ತಕ್ಷಣ ಹೇಳಿ. ಅಷ್ಟೇ."

ಎಡ ಹಿಮ್ಮಡಿಗೆ ಒಂದು ಬಾಣ ಒತ್ತಿದೆ. ಮೀನಖಂಡಕ್ಕೆ ಒಂದು. ಮಂಡಿಯ ಹಿಂದೆ. ತೊಡೆಗೆ. ಸೊಂಟಕ್ಕೆ. ಕಿಟಕಿಯಾಚೆ ಯಾರೋ ಸ್ಕೂಟರ್ ಒದೆಯುತ್ತಿದ್ದರು.

"ಶುರು ಮಾಡ್ಬಾರ್ದೇನೇ, ಎಷ್ಟು ಹೊತ್ತು ಹೀಗೆ ಮಲಗಿರ್ಲಿ?" ಎಂದರು.

ಐದು ಅಂಟಿಸಿ ಆಗಿತ್ತು. ಬೆನ್ನ ಮೇಲೆ ಹತ್ತುತ್ತಾ ಹೋದೆ. ಏಳನೆಯದು, ದಿನವೂ ಮುಲಾಮು ತಿಕ್ಕುತ್ತಿದ್ದ ಜಾಗದ ಹತ್ತಿರ. "ಹಾಂ, ಅಲ್ಲಿ," ಎಂದರು. "ಮೊದಲನೇದಾ?"

ಇವರು ತಿರುಗಿ ನನ್ನ ಮುಖ ನೋಡಿದರು. ಏಳಲು ಹೋದರು. ಎಡ ಮಂಡಿ ಬಟ್ಟೆಯ ಹಾಗೆ ಮಡಚಿಕೊಂಡಿತು.

ಪಕ್ಕದ ಮನೆಯವರಿಬ್ಬರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡರು. ಲಿಫ್ಟಿನಲ್ಲಿ ಇವರು ತಲೆಯೆತ್ತಿ ಮೇಲೆ ಕಿವಿಗೊಟ್ಟರು. "ಹಗ್ಗ ಸಡಿಲ ಆಗಿದೆ. ಸದ್ದು ಕೇಳ್ತಿದೆಯಾ? ಯಾರಿಗಾದ್ರೂ ಹೇಳ್ಬೇಕು, ಹೀಗೇ ಬಿಡಬಾರದು." ಇವರ ಎಡ ಪಾದ ಬಾಗಿಲ ಸಂದಿಗೆ ಸಿಕ್ಕಿಕೊಳ್ಳುವುದರಲ್ಲಿತ್ತು. ನಾನು ಬಗ್ಗಿ ಒಳಕ್ಕೆಳೆದುಕೊಂಡೆ. ಇವರಿಗೆ ತಿಳಿಯಲೇ ಇಲ್ಲ.

ಡಾಕ್ಟರು ಅಂಗಿ ಎತ್ತಿ ಬಾಣಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಯಾವಾಗಿನಿಂದ?" ಎಂದರು.

"ನಿನ್ನೆಯಿಂದ," ಎಂದರು ಇವರು. ತಡವರಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನ್ನನ್ನು ಉಳಿಸುತ್ತಿದ್ದಾರೆಂದು ನನಗೆ ಅರ್ಥವಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಇನ್ನೊಂದು ಟಿಕ್ ಅಷ್ಟೆ.

ಚೀಲದಿಂದ ಈ ಪುಸ್ತಕ ತೆಗೆದೆ. ಬೇರೆಯವರು ನೋಡಲೆಂದು ಬರೆದದ್ದಲ್ಲ ಇದು. ಆದರೂ ಓದಿ ಹೇಳಿದೆ. ಮಾರ್ಚ್ ಹತ್ತೊಂಬತ್ತು, ಮೆಟ್ಟಿಲು ಹತ್ತಲಿಲ್ಲ. ಇಪ್ಪತ್ತೊಂದು, ಬೆನ್ನು. ಇಪ್ಪತ್ತೇಳು, ಚಪ್ಪಲಿ. ಏಪ್ರಿಲ್ ಹತ್ತು, ಮೂತ್ರ. ನನ್ನದೇ ಅಕ್ಷರ, ನನ್ನದೇ ತಾರೀಖು. ಎಲ್ಲವೂ ನೀಟಾಗಿ ದಾಖಲಾಗಿತ್ತು. ಕಾಣಲಿಲ್ಲ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

"ಇಪ್ಪತ್ತೈದು ದಿನ," ಎಂದರು ಡಾಕ್ಟರು. "ಮೂಳೆಯ ಗಡ್ಡೆ ಬೆನ್ನುಹುರಿಯನ್ನ ಒತ್ತುತ್ತಾ ಇರ್ಬೇಕು. ಈಗಲೇ ಸ್ಕ್ಯಾನ್ ಮಾಡಿ ಇವತ್ತೇ ಚಿಕಿತ್ಸೆ ಶುರು ಮಾಡ್ತೀವಿ. ನೋಡಿಮ್ಮ, ಇದರಲ್ಲಿ ನಡ್ಕೊಂಡು ಬಂದೋರು ಸಾಮಾನ್ಯವಾಗಿ ನಡ್ಕೊಂಡೇ ವಾಪಸ್ ಹೋಗ್ತಾರೆ." ಅಲ್ಲಿಗೆ ನಿಲ್ಲಿಸಿದರು. ಇವರನ್ನು ಎತ್ತಿಕೊಂಡು ಬಂದಿದ್ದೆವು.

"ನೀನು ಎಲ್ಲಾ ನೋಡಿದ್ದೆಯಾ?" ಎಂದು ಇವರು ಮೆಲ್ಲಗೆ ಕೇಳಿದರು.

"ನೋಡಿದ್ದೆ."

"ನನಗೂ ಗೊತ್ತಿತ್ತು ಕಣೇ. ನೀನು ಟಿಕ್ ಹಾಕ್ಲಿ ಅಂತ ಕಾಯ್ತಿದ್ದೆ."

ಏಪ್ರಿಲ್ 15, ಸೋಮವಾರ

ಇವತ್ತು ಯಂತ್ರದ ಕೋಣೆಗೆ ಹೋಗಬೇಕಿತ್ತು.

ಬೆನ್ನಿನ ಚಿಕಿತ್ಸೆ ದಿನವೂ ಇದೆ. ಮೂತ್ರಕ್ಕೆ ನಳಿಗೆ ಹಾಕಿದ್ದಾರೆ. ಆರು ಬಾಣ ಕಿತ್ತುಹಾಕಿದರು. ಏಳನೆಯದನ್ನು ಬಿಟ್ಟು ಅದರ ಸುತ್ತ ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ದಿನಾ ಬೆಳಿಗ್ಗೆ ಸ್ಪರ್ಶ ಎಲ್ಲಿಯವರೆಗೆ ತಿಳಿಯುತ್ತದೆಂದು ಜೊತೆಯಲ್ಲಿರುವವರೂ ನೋಡಿ ಬರೆದಿಡಬೇಕು. ಗೆರೆ ಕೆಳಗಿಳಿದರೆ ಒಳ್ಳೆಯದು.

ತಂಗಿ ಬಂದಿದ್ದಳು. ನಾನು ಏನೂ ಹೇಳುವ ಮೊದಲೇ ಪಕ್ಕದಲ್ಲಿ ಕೂತು ನನ್ನ ಭುಜಕ್ಕೆ ತಲೆಯಿಟ್ಟಳು. ಸ್ಪರ್ಶ ನೋಡಿ ಬರೆಯಲು ಅವಳನ್ನೇ ಕೇಳಿದೆ, ನಿಯಮದ ಪ್ರಕಾರ ಅದೇ ಸರಿ. "ಆಗಲ್ಲಕ್ಕ. ಭಾವ ನನಗೂ ಸ್ವಂತದವರೇ," ಎಂದಳು.

ನರ್ಸ್ ಫಾರಂ ಕೊಟ್ಟಳು. ಇವರು ನೀಲಿಯದನ್ನು ತಾವೇ ತೆಗೆದುಕೊಂಡರು, ಮಲಗಿದಲ್ಲೇ, ನನಗೆ ಕಾಣದ ಹಾಗೆ ಕೈ ಅಡ್ಡ ಹಿಡಿದು. ನಾನು ಗುಲಾಬಿಯದನ್ನು ತುಂಬಿದೆ. ನಾಲ್ಕನೆಯ ಚೌಕಗಳನ್ನು ಮುಟ್ಟಿದ್ದು ಇದೇ ಮೊದಲು. ತುಂಬಾ. ತುಂಬಾ. ತುಂಬಾ. ಕೊನೆಯಲ್ಲಿ 'ಇನ್ನೇನಾದರೂ ಹೇಳುವುದಿದೆಯೇ' ಎಂದು ಎರಡು ಗೆರೆ ಬಿಟ್ಟಿದ್ದರು. ಬೆನ್ನು ತಾಗಿಸಿ ಮಲಗಬೇಕು ಎಂದು ಬರೆದೆ.

ಏಪ್ರಿಲ್ 17, ಬುಧವಾರ

ಬೆಳಿಗ್ಗೆ ಏಳು ಗಂಟೆ. ನರ್ಸ್ ಬೇರೆ ರೋಗಿಯ ಹತ್ತಿರ ಇದ್ದಳು. ನೀವೇ ನೋಡಿ ಬರೆದುಕೊಳ್ಳಿ, ಆಮೇಲೆ ಬಂದು ನಾನೂ ನೋಡ್ತೀನಿ ಎಂದಳು.

ಇವರನ್ನು ಮಗ್ಗುಲಿಗೆ ತಿರುಗಿಸಿದೆ. ಕಣ್ಣು ಮುಚ್ಚಿಕೊಳ್ಳಿ ಎಂದೆ. ಮುಚ್ಚಿಕೊಂಡರು. ಬಾಣದಿಂದ ಶುರುಮಾಡಿ ಕೆಳಗಿಳಿಯಬೇಕು. ಬಾಣದ ಮೇಲೆ ಗೊತ್ತಾಗುತ್ತದೆ ಎಂದರು, ಸರಿ. ಒಂದು ಬೆರಳು ಕೆಳಗೆ, ಸುಮ್ಮನಿದ್ದರು. ಎರಡು ಬೆರಳು ಕೆಳಗೆ, ಸುಮ್ಮನಿದ್ದರು. ನನ್ನ ಮೂಗು ಸೋರಿತು. ಒರೆಸಿಕೊಳ್ಳಲು ಕೈ ತೆಗೆದೆ. ಮೂಗೆಳೆದ ಸದ್ದು ಇವರಿಗೆ ಕೇಳಿಸಿರಬೇಕು.

"ಹಾಂ, ಈಗ ಗೊತ್ತಾಗ್ತಿದೆ," ಎಂದರು. "ಚೆನ್ನಾಗಿ ಗೊತ್ತಾಗ್ತಿದೆ ಕಣೇ, ಸೊಂಟದ ಹತ್ರ. ನಿನ್ನ ಒರಟು ಕೈ. ಬರ್ಕೋ."

ನನ್ನ ಎರಡೂ ಕೈ ನನ್ನ ಮುಖದ ಮೇಲಿದ್ದವು.

ಪುಸ್ತಕ ತೆರೆದೆ. ಅಚ್ಚಾದ ಕಾಲಂಗಳ ಮೇಲೆ ಬರೆಯದೆ, ಒಳಗೇ ಬರೆದೆ. ಏಪ್ರಿಲ್ ಹದಿನೇಳು, ಬೆಳಿಗ್ಗೆ ಏಳು, ಬಾಣದ ಕೆಳಗೆ, ಇಲ್ಲ.

"ಬರ್ಕೊಂಡ್ಯಾ?" ಎಂದರು.

"ಬರ್ಕೊಂಡೆ," ಎಂದೆ.